ಸಹಾಯ ಬೇಕು: ತಳ್ಳಿದ್ದು ಹೊಡೆದಾಟವೋ, ಆತ್ಮರಕ್ಷಣೆಯೋ?

ನಮಸ್ಕಾರ ಸರ್, ಮೇಡಂ. ಪೊಲೀಸ್ ತರಬೇತಿಯಲ್ಲಿ ಕೊಟ್ಟ ಒಂದು ಮಾದರಿ ಪ್ರಕರಣದಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ.

ದಾವಣಗೆರೆ ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ-ಮಿರ್ಚಿ ಗಾಡಿ. ಚಿಲ್ಲರೆ ವಿಷಯಕ್ಕೆ ಗಿರಾಕಿ ವ್ಯಾಪಾರಿಯ ಕೆನ್ನೆಗೆ ಎರಡೇಟು ಹೊಡೆಯುತ್ತಾನೆ. ವ್ಯಾಪಾರಿ ಅವನ ಮಣಿಕಟ್ಟು ಹಿಡಿದು ಒಮ್ಮೆ ತಳ್ಳುತ್ತಾನೆ. ಗಿರಾಕಿ ಮಂಡಕ್ಕಿ ಚೀಲದ ಮೇಲೆ ಬೀಳುತ್ತಾನೆ, ಜನ ಸೇರಿ ಆಟೋಗಳು ನಿಲ್ಲುತ್ತವೆ.

ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಕಲಂ 194, ಅಂದರೆ ಸಾರ್ವಜನಿಕ ಹೊಡೆದಾಟದ ಅಪರಾಧಕ್ಕೆ ಇಬ್ಬರು ಸಾಕು, ಆದರೆ ಸಾರ್ವಜನಿಕ ಸ್ಥಳದಲ್ಲಿ ಪರಸ್ಪರ ಹೊಡೆದಾಡಿ ಶಾಂತಿ ಕದಡಿರಬೇಕು. ಬರೀ ಬೈದಾಡಿದರೆ ಬರುವುದಿಲ್ಲ, ಒಬ್ಬನೇ ಹೊಡೆದು ಇನ್ನೊಬ್ಬ ಸುಮ್ಮನೆ ತಿಂದರೂ ಬರುವುದಿಲ್ಲ. ಶಿಕ್ಷೆ ಒಂದು ತಿಂಗಳವರೆಗೆ ಸೆರೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಐವರಿಲ್ಲದ್ದರಿಂದ ಅಕ್ರಮ ಕೂಟ, ದೊಂಬಿ ಬಿಟ್ಟೆವು. ಇಲ್ಲಿಗೆ ಗೊಂದಲವಿಲ್ಲ.

ತೊಡಕು ಆ ಒಂದು ತಳ್ಳಿನಲ್ಲಿದೆ. ಅದು ಆತ್ಮರಕ್ಷಣೆಯಾದರೆ 194 ಬಿದ್ದುಹೋಗುತ್ತದೆ. ಉಳಿಯುವುದು ಗಿರಾಕಿ ಮೇಲೆ 115(2), ಅಂದರೆ ಬೇಕೆಂದೇ ನೋವುಂಟು ಮಾಡಿದ ಅಪರಾಧ, ಅದು ಅಸಂಜ್ಞೇಯ (ಪೊಲೀಸರು ತಾವಾಗಿಯೇ ತನಿಖೆ ಮಾಡಲಾಗದ್ದು). ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 174ರಂತೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಇಲ್ಲ. ಹೊಡೆದಾಟವೆಂದರೆ 194 ಸಂಜ್ಞೇಯ (ಪೊಲೀಸರೇ ತನಿಖೆ ಮಾಡಬಹುದಾದದ್ದು), ಒಂದು ಅಪರಾಧ ಸಂಜ್ಞೇಯವಾದರೂ ಬಿಎನ್‌ಎಸ್‌ಎಸ್ 174(4)ರಂತೆ ಇಡೀ ಪ್ರಕರಣವೇ ಸಂಜ್ಞೇಯ, ನೇರ ಎಫ್‌ಐಆರ್. ಆಗ ಏಟು ತಿಂದ ವ್ಯಾಪಾರಿಯೂ ಆರೋಪಿ. ಇದು ನ್ಯಾಯವೇ ಅನ್ನಿಸುತ್ತದೆ. ನಮ್ಮ ಬ್ಯಾಚಿನಲ್ಲಿ ಅರ್ಧ ಜನ ಒಂದು ಕಡೆ, ಅರ್ಧ ಇನ್ನೊಂದು ಕಡೆ.

ಠಾಣೆಯಲ್ಲಿ ಕೆಲಸ ಮಾಡಿದವರು ಹೇಳಿ: ಈ ಸಂಗತಿಗಳ ಮೇಲೆ 194 ಹಾಕಬಹುದೇ? ಹಾಕುವುದಾದರೆ ಪರಸ್ಪರ ಹೊಡೆದಾಟ ತೋರಿಸಲು ಸಾಕ್ಷಿಗಳ ಹೇಳಿಕೆಯಲ್ಲಿ ಯಾವ ಅಂಶ ಬರಲೇಬೇಕು?