ಉಪಗ್ರಹ ಚಿತ್ರದಿಂದ ಸಿಗಡಿ ಕೆರೆಗಳನ್ನು ತೆಗೆಯುವುದು ಹೇಗೆ?

ಸ್ವರ್ಣಾತೀರ:
ಕಲ್ಯಾಣಪುರದಿಂದ ಕೋಡಿ ಬೆಂಗ್ರೆಯವರೆಗಿನ ಕುದ್ರುಗಳಲ್ಲಿ (ನದಿ ನಡುವಿನ ದ್ವೀಪಗಳಲ್ಲಿ) ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡ, ಎಷ್ಟು ಉಳಿದಿದೆ ಎಂದು ಅಳೆಯುತ್ತಿದ್ದೇನೆ. ಆ ಬೇರುಗಳ ಸಂದಿಯಲ್ಲಿ ಏಡಿ ಹಿಡಿಯುತ್ತಾ ಬೆಳೆದವಳು ನಾನು. ಈ ಲೆಕ್ಕ ತಪ್ಪಬಾರದು ಎಂಬ ಹಟವಿದೆ. ಮಳೆಗಾಲದ ಚಿತ್ರಗಳ ತುಂಬಾ ಮೋಡ. ಹಾಗಾಗಿ ಡಿಸೆಂಬರ್ ತಿಂಗಳ ಸೆಂಟಿನೆಲ್-2 ಉಪಗ್ರಹದ ಚಿತ್ರ ಇಳಿಸಿಕೊಂಡು, 4 ಮತ್ತು 8ನೇ ಪಟ್ಟಿಗಳಿಂದ (ಕೆಂಪು ಮತ್ತು ಅವಕೆಂಪು ಬೆಳಕು) ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಎನ್‌ಡಿವಿಐ, ಅಂದರೆ ಹಸಿರಿನ ಸೂಚ್ಯಂಕ, ತಯಾರಿಸಿದ್ದೇನೆ.

ಕುದ್ರುವಿನೊಳಗಿನ ಸಿಗಡಿ ಕೆರೆಗಳನ್ನು ಬಿಟ್ಟು ಉಳಿದ ನೆಲದ ಸರಾಸರಿ ಬೇಕು. ಕೆರೆಗಳ ಸುತ್ತ ಪಾಲಿಗಾನ್ (ಮುಚ್ಚಿದ ಗಡಿಯ ಆಕೃತಿ) ಎಳೆದು, ಅದನ್ನು ಮಾಸ್ಕ್ ಆಗಿಟ್ಟು ಚಿತ್ರ ಕತ್ತರಿಸುವ 'ಕ್ಲಿಪ್ ರಾಸ್ಟರ್ ಬೈ ಮಾಸ್ಕ್ ಲೇಯರ್' ಓಡಿಸಿದರೆ ಕೆರೆಗಳು ಉಳಿದು ಕುದ್ರುವೇ ಹೋಗುತ್ತದೆ! ನನಗೆ ಬೇಕಾದದ್ದು ಅದರ ವಿರುದ್ಧ. ಕೆರೆಗಳ ಮೇಲೆ ಸೊನ್ನೆ ತುಂಬಿಸಿಯೂ ನೋಡಿದೆ. ಸರಾಸರಿಯಲ್ಲಿ ಆ ಸೊನ್ನೆಗಳೂ ಸೇರಿಕೊಂಡವು. ಎರಡು ರಾತ್ರಿ ಇದರಲ್ಲೇ ಕಳೆಯಿತು.

ನೇತ್ರಾವತಿ ನಕ್ಷೆ:
ಕತ್ತರಿಸಬೇಕಾದದ್ದು ಮೊದಲು ಪಾಲಿಗಾನನ್ನು, ಚಿತ್ರವನ್ನಲ್ಲ. ಇಡೀ ಕುದ್ರುವಿಗೆ ಒಂದು ಪಾಲಿಗಾನ್ ಮಾಡಿ. ವೆಕ್ಟರ್ ಸಲಕರಣೆಗಳಲ್ಲಿರುವ 'ಡಿಫರೆನ್ಸ್' ಬಳಸಿ ಅದರಿಂದ ಕೆರೆಗಳನ್ನು ಕಳೆಯಿರಿ. ತೂತು ಬಿದ್ದ ಕುದ್ರು ಸಿಗುತ್ತದೆ. ಅದನ್ನೇ ಮಾಸ್ಕ್ ಆಗಿ ಕೊಡಿ. ಸರಾಸರಿ ಮಾತ್ರ ಸಾಕಾದರೆ ಚಿತ್ರ ಕತ್ತರಿಸುವ ಅಗತ್ಯವೂ ಇಲ್ಲ, ಆ ಪಾಲಿಗಾನ್ ಮೇಲೆ 'ಜೋನಲ್ ಸ್ಟಾಟಿಸ್ಟಿಕ್ಸ್' ಓಡಿಸಿ.

ಉಳ್ಳಾಲದವನು:
ಸೊನ್ನೆಯ ವಿಷಯ. ಎನ್‌ಡಿವಿಐ -1ರಿಂದ 1ರವರೆಗೆ ಇರುತ್ತದೆ, ಅದರಲ್ಲಿ ಸೊನ್ನೆಯೂ ಒಂದು ನಿಜವಾದ ಅಳತೆ. 'ಇಲ್ಲಿ ಏನೂ ಇಲ್ಲ' ಎಂದು ತಂತ್ರಾಂಶಕ್ಕೆ ತಿಳಿಯಬೇಕಾದರೆ ಆ ವ್ಯಾಪ್ತಿಯ ಹೊರಗಿನ ಸಂಖ್ಯೆ, ಉದಾಹರಣೆಗೆ -9999, ತುಂಬಿಸಿ, ಬಳಿಕ 'ಟ್ರಾನ್ಸ್‌ಲೇಟ್'ನಲ್ಲಿ ಅದನ್ನೇ ನೋಡೇಟಾ (ಅಳತೆ ಇಲ್ಲದ ಜಾಗ) ಎಂದು ಘೋಷಿಸಬೇಕು. ಒಂದು ಎಚ್ಚರಿಕೆ: ಸಂಖ್ಯೆ ತುಂಬಿಸುವ 'ರಾಸ್ಟರೈಸ್ ಓವರ್‌ರೈಟ್' ಸಲಕರಣೆ ಹೊಸ ಕಡತ ಮಾಡುವುದಿಲ್ಲ, ಮೂಲದ ಮೇಲೆಯೇ ಬರೆಯುತ್ತದೆ. ನಾನು ಹೀಗೆ ಒಂದು ವರ್ಷದ ಚಿತ್ರ ಕಳೆದುಕೊಂಡಿದ್ದೇನೆ. ದಯವಿಟ್ಟು ಪ್ರತಿ ಇಟ್ಟುಕೊಳ್ಳಿ.

ನೇತ್ರಾವತಿ ನಕ್ಷೆ:
ಅಂಚನ್ನೂ ಗಮನಿಸಿ. ಒಂದು ಪಿಕ್ಸೆಲ್ 10 ಮೀಟರ್. ಕೆರೆಯ ದಡದ ಪಿಕ್ಸೆಲ್‌ನಲ್ಲಿ ಅರ್ಧ ನೀರು, ಅರ್ಧ ಹಸಿರು. ಕೆರೆಯ ಪಾಲಿಗಾನ್‌ಗೆ 10 ಮೀಟರ್ ಬಫರ್ ಕೊಟ್ಟು, ಅಂದರೆ ಸುತ್ತಲೂ ಅಷ್ಟು ಹಿಗ್ಗಿಸಿ, ಆಮೇಲೆ ಕಳೆಯಿರಿ. ಅದಕ್ಕೂ ಮುನ್ನ ಪದರವನ್ನು ಮೀಟರ್‌ನಲ್ಲಿ ಅಳೆಯುವ ಯುಟಿಎಂ 43 ಉತ್ತರ ಎಂಬ ನಕ್ಷಾ ವ್ಯವಸ್ಥೆಗೆ ಬದಲಾಯಿಸಿ. ಅಕ್ಷಾಂಶ-ರೇಖಾಂಶದ ಪದರದಲ್ಲಿ 10 ಎಂದರೆ 10 ಡಿಗ್ರಿ, ಸಾವಿರ ಕಿಲೋಮೀಟರಿಗೂ ಹೆಚ್ಚು.

ಸ್ವರ್ಣಾತೀರ:
ತೂತಿನ ಪಾಲಿಗಾನ್ ಕೆಲಸ ಮಾಡಿತು, ಸರಾಸರಿ ಈಗ ನಂಬುವಂತಿದೆ. ಇಬ್ಬರಿಗೂ ಮನಃಪೂರ್ವಕ ಕೃತಜ್ಞತೆ. ಬಫರ್ ಕೊಟ್ಟಾಗ ಮಾತ್ರ ಕೆರೆಯ ದಂಡೆಯ ಮೇಲೆ ಒಂದೇ ಸಾಲಾಗಿ ನಿಂತ ಕಾಂಡ್ಲಾ ಕೂಡ ಹೊರಬಿತ್ತು. ಕೆರೆ ತೋಡುವಾಗ ಕಡಿಯದೆ ಉಳಿದ ಗಿಡಗಳು ಅವು, ಅವನ್ನು ಲೆಕ್ಕದಿಂದ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಬಫರ್ ಪಟ್ಟಿಯನ್ನು ಬೇರೆ ಪದರವಾಗಿ ಉಳಿಸಿಕೊಂಡು ಮುದ್ರಿಸಿದ್ದೇನೆ. ಭಾನುವಾರ ಇಳಿತದ ಹೊತ್ತಿಗೆ ದಂಡೆಯ ಮೇಲೆ ನಡೆದು ಒಂದೊಂದಾಗಿ ಎಣಿಸುತ್ತೇನೆ.