ಬಿ.ಪಿ. ಇರುವವರಿಗೆ ಚೀನೀ ಕೆಮ್ಮಿನ ಕಷಾಯ ಕೊಡಬಹುದೇ?

ಪ್ರಶ್ನೆ (ಬೀದರ್):
ನಮ್ಮ ಅತ್ತೆಯವರು ಬಿ.ಪಿ. ಮಾತ್ರೆಯ ಜೊತೆಗೆ, ಮೂತ್ರ ಹೆಚ್ಚು ಹೋಗುವಂತೆ ಮಾಡುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಕೆಲವು ತಿಂಗಳಿಂದ ಬಿಡದ ಅವರ ಒಣಕೆಮ್ಮಿಗೆಂದು ಸಂಬಂಧಿಕರೊಬ್ಬರು ವಿದೇಶದಿಂದ ಚೀನೀ ಗಿಡಮೂಲಿಕೆಯ ಪೊಟ್ಟಣಗಳನ್ನು ತಂದುಕೊಟ್ಟಿದ್ದಾರೆ. ಅದರ ಮೇಲೆ ಮಾ ಹುವಾಂಗ್, ಗ್ವೇ ಜಿ, ಶಿಂಗ್ ರೆನ್, ಗಾನ್ ಸಾವೊ ಎಂಬ ನಾಲ್ಕು ಹೆಸರುಗಳಿವೆ. ಗಿಡಮೂಲಿಕೆಯಿಂದ ತೊಂದರೆಯಿಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಕಲಬುರಗಿ, ಔಷಧಶಾಸ್ತ್ರದ ಅಧ್ಯಾಪಕ):
ಅಕ್ಕನವರೇ, ಕೊಡಬೇಡಿ. ಇದು ಮಾ ಹುವಾಂಗ್ ತಾಂಗ್ ಎಂಬ ಕಷಾಯ. ಸುಮಾರು 1800 ವರ್ಷಗಳ ಹಿಂದೆ ಜಾಂಗ್ ಜೊಂಗ್‌ಜಿಂಗ್ ರಚಿಸಿದ ‘ಶಾಂಗ್ ಹಾನ್ ಲುನ್’ ಗ್ರಂಥದಲ್ಲಿ ಬರುತ್ತದೆ. ಮಾ ಹುವಾಂಗ್ ಎಂದರೆ ಎಫೆಡ್ರಾ ಗಿಡದ ಕಾಂಡ. 1885ರಲ್ಲಿ ಜಪಾನಿನ ನಾಗಾಯಿ ನಾಗಯೋಶಿ ಅದರಿಂದ ಬೇರ್ಪಡಿಸಿದ ಎಫೆಡ್ರಿನ್ ಶ್ವಾಸನಾಳವನ್ನು ಹಿಗ್ಗಿಸುವುದು ನಿಜವಾದರೂ, ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಎಫೆಡ್ರಿನ್ ಇರುವ ಪೂರಕ ಆಹಾರಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ಗ್ವೇ ಜಿ ಎಂಬುದು ದಾಲ್ಚಿನ್ನಿ ಜಾತಿಯ ಕಡ್ಡಿ, ಶಿಂಗ್ ರೆನ್ ಜರ್ದಾಳುವಿನ ಬೀಜ.

ನನ್ನ ಹೆಚ್ಚಿನ ಚಿಂತೆ ಗಾನ್ ಸಾವೊ ಕುರಿತದ್ದು. ಇದು ನಮ್ಮ ಜ್ಯೇಷ್ಠಮಧುವಿನ ಕುಲದ್ದೇ. ಇದರಲ್ಲಿರುವ ಗ್ಲಿಸಿರೈಜಿನ್, ದೇಹ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುವಂತೆ ಮಾಡಿ ಪೊಟ್ಯಾಸಿಯಂ ಅನ್ನು ಹೊರಹಾಕುತ್ತದೆ. ಮೂತ್ರದ ಮಾತ್ರೆಗಳಲ್ಲಿ ಹಲವೂ ಅದನ್ನೇ ಕಳೆಯುವುದರಿಂದ, ಎರಡೂ ಸೇರಿದರೆ ಸ್ನಾಯುಗಳು ಸೋತು ಎದೆಬಡಿತದ ಲಯ ತಪ್ಪಬಹುದು.

ಉತ್ತರ (ಬೀದರ್, ಯುನಾನಿ ಹಕೀಮರ ಮನೆತನದವರು):
ಸರ್ ಹೇಳಿದ್ದು ಸರಿ. ಆದರೆ ದೋಷ ಆ ವೈದ್ಯಪದ್ಧತಿಯದಲ್ಲ ಎಂಬುದನ್ನೂ ಹೇಳಲೇಬೇಕು. ಚಳಿ, ಮೈಕೈ ನೋವು, ಉಬ್ಬಸವಿದ್ದು ಬೆವರು ಬಾರದವರಿಗೆ ಮಾತ್ರ ಈ ಕಷಾಯವೆಂದು ಚೀನೀ ವೈದ್ಯರೇ ವಿಧಿಸುತ್ತಾರೆ. ಬೆವರುವವರಿಗೆ, ಬಲಹೀನರಿಗೆ ಕೊಡುವುದಿಲ್ಲ. ಆ ಪದ್ಧತಿಯಲ್ಲಿ ಕಷಾಯದ ಒಂದೊಂದು ಮೂಲಿಕೆಗೂ ರಾಜ್ಯದಲ್ಲಿರುವಂತೆ ಒಂದೊಂದು ಪಾತ್ರ: ಮಾ ಹುವಾಂಗ್ ರಾಜ, ಗ್ವೇ ಜಿ ಮಂತ್ರಿ, ಶಿಂಗ್ ರೆನ್ ಸಹಾಯಕ, ಉಳಿದವನ್ನು ಹೊಂದಿಸುವ ಗಾನ್ ಸಾವೊ ದೂತ. ನಾಡಿ, ನಾಲಿಗೆ ನೋಡಿ ಕೊಡಬೇಕಾದ ಮದ್ದನ್ನು ಪೊಟ್ಟಣ ನೋಡಿ ಕೊಡಬಾರದು. ನಮ್ಮಲ್ಲಿ ಮುಲೇಠಿಯನ್ನೂ (ಜ್ಯೇಷ್ಠಮಧು) ಬಿ.ಪಿ. ಇದೆಯೇ ಎಂದು ಕೇಳದೆ ಕೊಡುವುದಿಲ್ಲ.

ಉತ್ತರ (ಕಲಬುರಗಿ, ಔಷಧಶಾಸ್ತ್ರದ ಅಧ್ಯಾಪಕ):
ಇನ್ನೊಂದು ಮಾತು. ರಾಮಿಪ್ರಿಲ್, ಎನಾಲಪ್ರಿಲ್ ಮುಂತಾದ ಬಿ.ಪಿ. ಮಾತ್ರೆಗಳಿಂದಲೇ ಕೆಲವರಿಗೆ ಒಣಕೆಮ್ಮು ಬರುತ್ತದೆ. ಅತ್ತೆಯವರ ಚೀಟಿ ನೋಡುವಿರಾ?

ಪ್ರಶ್ನೆ ಕೇಳಿದವರು:
ಚೀಟಿಯಲ್ಲಿ ರಾಮಿಪ್ರಿಲ್ ಇದೆ ಸರ್. ಮಾತ್ರೆಯನ್ನು ನಾವಾಗಿ ನಿಲ್ಲಿಸದೆ, ಪೊಟ್ಟಣವನ್ನೂ ಚೀಟಿಯನ್ನೂ ನಾಳೆ ಡಾಕ್ಟರಿಗೆ ತೋರಿಸುತ್ತೇವೆ.