ಮಳೆಯೆಂದರೆ ಕೆಲವರಿಗೆ ಸಂಭ್ರಮ, ಕೆಲವರಿಗೆ ಬೇಸರ ಏಕೆ?

ಪ್ರಶ್ನೆ:
ಮುಂಗಾರಿಗಾಗಿ ಕಾಯುವ ನಾಡುಗಳಲ್ಲಿ ಮೊದಲ ಮಳೆ ಬಂದರೆ ಜನರು ಹೊರಗೆ ಬಂದು ನೆನೆಯುತ್ತಾರೆ. ಬ್ರಿಟನ್ನಿನಲ್ಲಿ ಅದನ್ನೇ ಕೆಟ್ಟ ಹವೆ ಎನ್ನುತ್ತಾರೆ. ಮಳೆ ಅತಿಯಾದುದರಿಂದ ಈ ಬೇಸರ ಎನ್ನೋಣವೆಂದರೆ, ಮುಂಬೈಯಲ್ಲಿ ವರ್ಷಕ್ಕೆ 2,000 ಮಿ.ಮೀ.ಗೂ ಮೀರಿ ಮಳೆಯಾಗುತ್ತದೆ, ಲಂಡನ್ನಿನಲ್ಲಿ ಸುಮಾರು 600 ಮಿ.ಮೀ. ಮಾತ್ರ. ಹಾಗಾದರೆ ಕಾರಣವೇನು? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1:
ಮಳೆಗೆ ಮೊದಲು ಹವೆ ಹೇಗಿತ್ತು ಎಂಬುದೇ ಮುಖ್ಯವೆಂದು ನಾನು ಭಾವಿಸುತ್ತೇನೆ. ಏಪ್ರಿಲ್, ಮೇ ತಿಂಗಳ ಬೇಗೆಯಲ್ಲಿ ಕಾದ ನೆಲದ ಮೇಲೆ ಮಳೆ ಸುರಿದಾಗ ಮೋಡವು ಬಿಸಿಲನ್ನು ತಡೆಯುತ್ತದೆ, ಬಿದ್ದ ನೀರು ಆವಿಯಾಗುತ್ತ ನೆಲದ ಮತ್ತು ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಆ ಸಂತೋಷವನ್ನು ಮೊದಲು ಅನುಭವಿಸುವುದು ಮೈ. ಲಂಡನ್ನಿನ ಚಳಿಗಾಲದಲ್ಲಿ ಹಗಲು ಎಂಟು ಗಂಟೆಗಿಂತಲೂ ಕಡಿಮೆಯಾಗುವ ದಿನಗಳುಂಟು. ಅಲ್ಲಿ ಅದೇ ತಂಪು ಚಳಿಯನ್ನು ಹೆಚ್ಚಿಸುತ್ತದೆ, ಅದೇ ಮೋಡ ಇರುವಷ್ಟು ಬೆಳಕನ್ನೂ ಕಸಿದುಕೊಳ್ಳುತ್ತದೆ. ಜೊತೆಗೆ, ಮುಂಬೈಯ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಲಂಡನ್ನಿನದು ವರ್ಷವಿಡೀ ಹರಡಿಕೊಂಡಿರುವುದರಿಂದ ಅಲ್ಲಿ ಅದಕ್ಕಾಗಿ ಯಾರೂ ಕಾಯಬೇಕಾಗಿಲ್ಲ. ಮಳೆಗೆ ಹೆಸರಾದ ಸಿಯಾಟಲ್ ನಗರದ ವಾರ್ಷಿಕ ಮಳೆ ನ್ಯೂಯಾರ್ಕಿಗಿಂತ ಕಡಿಮೆಯೆಂದರೆ ಅನೇಕರು ನಂಬುವುದಿಲ್ಲ. ಅಲ್ಲಿ ಹೆಚ್ಚಿರುವುದು ಜಿನುಗುವ ದಿನಗಳ ಸಂಖ್ಯೆ, ಜನರನ್ನು ಕುಗ್ಗಿಸುವುದೂ ಅದೇ.

ಉತ್ತರ 2:
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ರೂಢಿಯನ್ನೂ ಸೇರಿಸಬೇಕು. ಮೇಘಾಲಯದ ಮೌಸಿನ್‌ರಾಮ್‌ನಲ್ಲಿ ವರ್ಷಕ್ಕೆ 11,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅಲ್ಲಿನ ಖಾಸಿ ಜನರು ಬಿದಿರು ಮತ್ತು ಎಲೆಗಳಿಂದ ಹೆಣೆದ, ತಲೆಯಿಂದ ಬೆನ್ನಿನವರೆಗೂ ಮುಚ್ಚುವ ‘ಕ್ನುಪ್’ ಎಂಬ ಗೊರಗನ್ನು ಹೊದ್ದು, ಎರಡೂ ಕೈಗಳು ಬಿಡುವಾಗಿರುವುದರಿಂದ ಹೊಲದ ಕೆಲಸವನ್ನು ಮುಂದುವರಿಸುತ್ತಾರೆ. ಮರುಭೂಮಿಯವರಿಗೆ ಮಳೆ ಸದಾ ಹಬ್ಬವೆನ್ನುವುದೂ ಸರಿಯಲ್ಲ. 2024ರ ಏಪ್ರಿಲ್‌ನಲ್ಲಿ ದುಬೈಯಲ್ಲಿ ಒಂದೇ ದಿನ ಸುಮಾರು 140 ಮಿ.ಮೀ. ಸುರಿದಾಗ ರಸ್ತೆಗಳು ಮುಳುಗಿ ವಿಮಾನ ಸಂಚಾರವೇ ಅಸ್ತವ್ಯಸ್ತವಾಯಿತು. ಮೌಸಿನ್‌ರಾಮ್‌ನಲ್ಲಿ ಮಳೆಗಾಲದ ಸಾಮಾನ್ಯ ಮಳೆಯೆನಿಸುವಷ್ಟು ನೀರು, ಮಳೆಗೆಂದು ಕಟ್ಟದ ನಗರಕ್ಕೆ ವಿಪತ್ತಾಯಿತು.

ಉತ್ತರ 3:
ಒಂದೇ ಊರಿನವರ ಭಾವನೆಯೂ ಒಂದೇ ಬಗೆಯಾಗಿ ಉಳಿಯುವುದಿಲ್ಲ. 2005ರ ಜುಲೈ 26ರಂದು ಮುಂಬೈಯಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಗಿ ನೂರಾರು ಜನರು ಪ್ರಾಣ ಕಳೆದುಕೊಂಡರು. ಅದನ್ನು ಕಂಡವರು ಜೋರು ಮಳೆಯನ್ನು ಮೊದಲಿನ ಸಂತೋಷದಿಂದಲೇ ನೋಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ರೈತರ ವಿಷಯದಲ್ಲಂತೂ ಕಾಲವೇ ಎಲ್ಲವನ್ನೂ ನಿರ್ಧರಿಸುತ್ತದೆ: ನಾಟಿಯ ಹೊತ್ತಿನಲ್ಲಿ ಆಕಾಶಕ್ಕೆ ಕೈಮುಗಿದವರೇ ಕೊಯ್ಲಿನ ಹೊತ್ತಿನಲ್ಲಿ ಮೋಡ ಕಂಡರೆ ಕಂಗಾಲಾಗುತ್ತಾರೆ, ಏಕೆಂದರೆ ಬಲಿತ ಭತ್ತ ನೆಲಕ್ಕೊರಗಿ ನೆನೆದರೆ ಕಾಳು ಗದ್ದೆಯಲ್ಲೇ ಮೊಳಕೆಯೊಡೆಯುತ್ತದೆ.